ಸಹಾಯ ಬೇಕು: ಕಡಿಮೆ ಬಜೆಟ್‌ನ ಮಾಡ್ಯುಲರ್ ಕಿಚನ್ ಆರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಡುಗೆಮನೆಗೆ ಮಾಡ್ಯುಲರ್ ಕಿಚನ್ ಹಾಕಿಸಬೇಕು. ಬಜೆಟ್ ಕಮ್ಮಿ, ಹಾಗಾಗಿ ರೆಡಿಮೇಡ್ ಕ್ಯಾಬಿನೆಟ್ ಮಾರುವ ಅಗ್ಗದ ಅಂಗಡಿಗಳಲ್ಲೇ ನೋಡುತ್ತಿದ್ದೇವೆ.

ಶೋರೂಮಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಸಿಂಕ್ ಕ್ಯಾಬಿನೆಟ್ ಒಳಗೆ ಕೈಯಾಡಿಸಿ ನೋಡಿದೆ. ಪೈಪ್‌ಗೆ ಕೊರೆದ ತೂತಿನ ಅಂಚು ಹಾಗೇ ಬಿಟ್ಟಿದ್ದರು, ಪಾರ್ಟಿಕಲ್ ಬೋರ್ಡಿನ (ಮರದ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಪುಡಿ ಬೆರಳಿಗೆ ಅಂಟಿತು. ಅಲ್ಲಿ ನೀರು ಇಳಿದರೆ ಬೋರ್ಡು ಉಬ್ಬುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ ಅಲ್ವಾ? ಅದಕ್ಕೇ ಸಿಂಕ್ ಕೆಳಗಿನದನ್ನು ಮಾತ್ರ ವಾಟರ್‌ಪ್ರೂಫ್ ಪ್ಲೈವುಡ್‌ನಲ್ಲಿ ಮಾಡಿಸಿ, ಉಳಿದದ್ದು 18 ಎಂಎಂ ಪಾರ್ಟಿಕಲ್ ಬೋರ್ಡಿನದ್ದೇ ಇರಲಿ ಅಂದುಕೊಂಡಿದ್ದೇನೆ. ಹೀಗೆ ಬೆರೆಸಿ ಹಾಕಿಸಿದವರು ಇದ್ದೀರಾ? ಅಳತೆ ಸರಿಯಾಗಿ ಕೂರುತ್ತದೆಯೇ?

ಇನ್ನೊಂದು ವಿಷಯ. ಕೊಟೇಶನ್‌ನಲ್ಲಿ ಕೌಂಟರ್‌ಟಾಪ್, ಹಿಡಿಕೆ, ಜೋಡಿಸುವ ಕೂಲಿ ಸೇರಿಲ್ಲ. ಇವೆಲ್ಲ ಕೂಡಿಸಿದ ಮೇಲೂ ಬಡಗಿ ಹತ್ತಿರ ಮಾಡಿಸುವುದಕ್ಕಿಂತ ಕಮ್ಮಿ ಆಗುತ್ತದಾ?

ಬಣ್ಣ, ಡಿಸೈನ್ ಏನಿದ್ದರೂ ನಡೆಯುತ್ತದೆ. ಸ್ವಲ್ಪ ಜಾಸ್ತಿ ದುಡ್ಡು ಹಾಕುವುದಾದರೆ ಹಿಂಜ್, ಡ್ರಾಯರ್ ಚಾನೆಲ್‌ಗೆ ಹಾಕುತ್ತೇನೆ. ದಿನಾ ಎಳೆದಾಡುವುದು ಅವನ್ನೇ ತಾನೇ.

ಕೆಲವು ವರ್ಷ ಬಳಸಿದವರು ದಯವಿಟ್ಟು ಹೇಳಿ, ಮೊದಲು ಹಾಳಾಗಿದ್ದು ಯಾವ ಭಾಗ? ಫೋಟೋ ಇದ್ದರೆ ಹಾಕಿ, ತುಂಬಾ ಉಪಕಾರವಾಗುತ್ತದೆ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ.