ಬ್ಯಾರೆಟ್ಸ್ ಸುಡಿಸಿದ ಮೇಲೂ ಎಂಡೋಸ್ಕೋಪಿ ಬೇಕಾ?

ಪ್ರಶ್ನೆ (ಗೋಣಿಕೊಪ್ಪ)
ಅಪ್ಪನಿಗೆ 61. ಅನ್ನನಾಳದ ಬಯಾಪ್ಸಿಯಲ್ಲಿ ಬ್ಯಾರೆಟ್ಸ್ (ಆಸಿಡ್ ಮೇಲೇರಿ ಒಳಪದರ ಬದಲಾಗುವುದು), ಲೋ ಗ್ರೇಡ್ ಡಿಸ್ಪ್ಲೇಸಿಯಾ (ಕ್ಯಾನ್ಸರ್‌ಗೆ ಮುಂಚಿನ ಆರಂಭದ ಬದಲಾವಣೆ), ಸಿ2ಎಂ4 ಅಂತ ಬಂದಿದೆ. ಆರ್‌ಎಫ್‌ಎ (ಆ ಪದರವನ್ನು ಎಂಡೋಸ್ಕೋಪಿಯಲ್ಲೇ ಶಾಖದಿಂದ ಸುಡುವುದು) ಮಾಡಿಸಿದರೆ ಕ್ಯಾನ್ಸರ್ ಭಯ ಪೂರ್ತಿ ಹೋಗುತ್ತದಾ? ಆಮೇಲೂ ಹುಣಸೂರು ದಾಟಿ ಮೈಸೂರಿಗೆ ಓಡಾಡುತ್ತಲೇ ಇರಬೇಕಾ?

ಉತ್ತರ 1
ಸಿ2ಎಂ4 ಅಂದರೆ ಬದಲಾದ ಒಳಪದರ ಸುತ್ತಲೂ 2 ಸೆಂ.ಮೀ., ಅದರ ನಾಲಿಗೆಯಂಥ ಚಾಚು ಸೇರಿ 4 ಸೆಂ.ಮೀ. ಮೊದಲು ಸ್ಲೈಡ್‌ಗಳನ್ನು ಜೀರ್ಣಾಂಗದಲ್ಲಿ ಪಳಗಿದ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ. ಆಸಿಡ್‌ನಿಂದ ಉರಿಯೂತ ಇದ್ದರೆ ಜೀವಕೋಶಗಳು ಡಿಸ್ಪ್ಲೇಸಿಯಾದಂತೆಯೇ ಕಾಣುತ್ತವೆ. ಎರಡನೇ ಓದಿನಲ್ಲಿ ಲೋ ಗ್ರೇಡ್ ಅಲ್ಲ ಎಂದು ಬರುವುದು ತುಂಬಾ ಸಾಮಾನ್ಯ. ಖಚಿತವಾದರೆ ಆರ್‌ಎಫ್‌ಎ ಒಳ್ಳೆಯದೇ. ಆದರೆ ಗಂಟು, ಹುಣ್ಣು ಏನಾದರೂ ಕಂಡರೆ ಅದನ್ನು ಸುಡಬಾರದು, ಇಎಂಆರ್‌ನಲ್ಲಿ, ಅಂದರೆ ಎಂಡೋಸ್ಕೋಪಿ ಮೂಲಕವೇ, ಕತ್ತರಿಸಿ ತೆಗೆಯಬೇಕು. ಸುಟ್ಟರೆ ಎಷ್ಟು ಆಳಕ್ಕೆ ಇಳಿದಿತ್ತು ಎಂದು ನೋಡಲು ಏನೂ ಉಳಿಯುವುದಿಲ್ಲ.

ಉತ್ತರ 2
ಆರ್‌ಎಫ್‌ಎಯನ್ನು ಸಾಮಾನ್ಯವಾಗಿ 2-3 ತಿಂಗಳ ಅಂತರದಲ್ಲಿ ಕೆಲವು ಸಲ ಮಾಡುತ್ತಾರೆ. ಆಸಿಡ್ ತಗ್ಗಿಸುವ ಮಾತ್ರೆ ದಿನಕ್ಕೆರಡು, ಊಟಕ್ಕೆ ಅರ್ಧ ಗಂಟೆ ಮೊದಲು. ಇದು ತಪ್ಪಿದರೆ ಸುಟ್ಟ ಜಾಗದಲ್ಲಿ ಸರಿಯಾದ ಪದರ ಬೆಳೆಯುವುದಿಲ್ಲ. ಮೊದಲ ದಿನ ದ್ರವ, ಒಂದು ವಾರ ತಣ್ಣಗಿನ ಮೆತ್ತನೆ ಗಂಜಿ. ಬಿಸಿ ಕಾಫಿ, ಕಾಚಂಪುಳಿ ಹಾಕಿದ ಪಂದಿಕರಿ ಅಷ್ಟು ದಿನ ಬೇಡ. ಕೆಲವು ದಿನ ಎದೆನೋವು ಇರುತ್ತದೆ. ರಕ್ತವಾಂತಿ, ಕಪ್ಪು ಮಲ, ಜ್ವರದ ಜೊತೆ ಜೋರು ಎದೆನೋವು ಬಂದರೆ ರಾತ್ರಿಯಾದರೂ ತಕ್ಷಣ ಆಸ್ಪತ್ರೆ. ಅದಕ್ಕೇ ಮೊದಲ ರಾತ್ರಿ ಮೈಸೂರಲ್ಲೇ ಉಳಿಯಿರಿ. ಕೆಲವು ವಾರಗಳ ನಂತರ ರೊಟ್ಟಿ, ಅನ್ನ ಸಿಕ್ಕಿಕೊಳ್ಳತೊಡಗಿದರೆ ನಾಳ ಕಿರಿದಾಗಿದೆ ಎಂದರ್ಥ. ನೂರಕ್ಕೆ ಸುಮಾರು 5 ಜನರಿಗೆ ಹೀಗಾಗುತ್ತದೆ, ಬಲೂನಿನಿಂದ ಹಿಗ್ಗಿಸುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಿ, ನೀವೇ ನಿಲ್ಲಿಸಬೇಡಿ.

ಪ್ರಶ್ನೆ ಕೇಳಿದವರು
ಎದೆಯುರಿ ನಿಂತರೆ ತಪಾಸಣೆ ಬಿಡಬಹುದಾ?

ಉತ್ತರ 3
ಬಿಡಬೇಡಿ, ದಯವಿಟ್ಟು. ಅಪಾಯ ತುಂಬಾ ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. ಉರಿ ಇಲ್ಲದೆಯೂ ಬ್ಯಾರೆಟ್ಸ್ ಮರಳಬಹುದು, ಹೆಚ್ಚಾಗಿ ಹೊಟ್ಟೆ ಸೇರುವ ಸಂಧಿಯಲ್ಲೇ. ಹೊಸ ಪದರದ ಅಡಿಯಲ್ಲಿ ಹಳೆಯ ಗ್ರಂಥಿಗಳು ಹೂತು ಉಳಿದಿರಲೂಬಹುದು. ಹಾಗಾಗಿ ನೋಡಲು ಚೆನ್ನಾಗಿದ್ದರೂ ಸಂಧಿಯಿಂದ ಬಯಾಪ್ಸಿ ತೆಗೆಯಲೇಬೇಕು. ಪೂರ್ತಿ ಹೋಯಿತು ಎಂದು ಬಯಾಪ್ಸಿಯಲ್ಲಿ ಖಚಿತವಾದ ದಿನದಿಂದ ಮುಂದಿನ ಎಂಡೋಸ್ಕೋಪಿಗಳ ಲೆಕ್ಕ: ಲೋ ಗ್ರೇಡ್‌ಗೆ 1 ವರ್ಷ, 3 ವರ್ಷ, ನಂತರ 2 ವರ್ಷಕ್ಕೊಮ್ಮೆ. ಹೈ ಗ್ರೇಡ್ (ಹೆಚ್ಚು ಮುಂದುವರಿದ ಬದಲಾವಣೆ) ಆಗಿದ್ದರೆ 3, 6, 12 ತಿಂಗಳು, ಆಮೇಲೆ ವರ್ಷಕ್ಕೊಮ್ಮೆ. ಇನ್ನೊಂದು ಮಾತು: ತಂಬಾಕು, ಅಡಿಕೆ, ಮದ್ಯದಿಂದ ಬರುವ ಸ್ಕ್ವಾಮಸ್ ಎಂಬ ಅನ್ನನಾಳದ ಇನ್ನೊಂದು ಬಗೆಯ ಕ್ಯಾನ್ಸರ್‌ಗೆ ಈ ಚಿಕಿತ್ಸೆ ತಡೆಯಲ್ಲ. ಅಪ್ಪನಿಗೆ ಅವು ಅಭ್ಯಾಸವಿದ್ದರೆ ಬಿಡಿಸಿ.