ಸುರೇಶನ ಬಾವಿಗೆ ಬ್ಯಾಕ್ಟೀರಿಯಾ ಪುಡಿ ಹಾಕಬೇಕಾ?

ಗುಂಪು: 98ರ ಬಿ.ಎಸ್ಸಿ. ಗೆಳೆಯರು

ಸುರೇಶ: (ಹಂಚಿಕೊಂಡ ಲೇಖನ: ಅಮೆರಿಕದ ಸೌತ್ ಕ್ಯಾರೊಲಿನಾದಲ್ಲಿ ಇಂಧನ ತಿಂದು ಅಂತರ್ಜಲ ಶುದ್ಧ ಮಾಡಿದ ಸೂಕ್ಷ್ಮಜೀವಿಗಳು) ಓದ್ರೋ ಎಲ್ರೂ. ನಮ್ಮ ಬಾವೀಲೂ ಎರಡು ತಿಂಗಳಿಂದ ಪೆಟ್ರೋಲ್ ವಾಸನೆ. ಕೊಡದಲ್ಲಿ ತುಂಬಿಟ್ರೆ ಮೇಲೆ ಬಣ್ಣಬಣ್ಣದ ಪೊರೆ ಕಟ್ಟತ್ತೆ. ಬ್ಯಾಕ್ಟೀರಿಯಾ ಪುಡಿ ಮಾರೋನೊಬ್ಬ ಸಿಕ್ಕಿದಾನೆ, ನಾಲ್ಕು ಸಾವಿರ. ನಾಳೆ ಹಾಕಿಬಿಡ್ತೀನಿ.

ವಿದ್ಯಾ: ಬೇಡ ಸುರೇಶ. ಆ ಕತೆ ನಿಜ, ಆದ್ರೆ ಅಲ್ಲಿ ಪುಡಿ ತಂದು ಸುರೀಲಿಲ್ಲ.

ನಾಗರಾಜ: ಹುಳ ಎಣ್ಣೆ ತಿನ್ನತ್ತೆ ಅನ್ನೋದೇ ನಂಗೆ ನಂಬಿಕೆ ಇಲ್ಲ. ಕೆಟ್ಟ ಮಣ್ಣು ಅಗೆದು ಆಚೆ ಹಾಕ್ಬೇಕು, ಅಷ್ಟೇ.

ವಿದ್ಯಾ: ಮನೆಗಳ ಅಡಿ ಹೇಗೆ ಅಗೀತೀಯೋ? ಹಾನಹಾನ್ ಅನ್ನೋ ಊರದು. 1975ರಲ್ಲಿ ಸೈನ್ಯದ ಇಂಧನ ಡಿಪೋದಿಂದ ಸುಮಾರು 3 ಲಕ್ಷ ಲೀಟರ್ ವಿಮಾನದ ಇಂಧನ ಸೋರಿತು. ಮರಳು ನೆಲ, ಒಂದಷ್ಟು ಇಂಗಿಹೋಯ್ತು. 1985ರ ಹೊತ್ತಿಗೆ ಕೆಟ್ಟ ನೀರು ಪಕ್ಕದ ಬಡಾವಣೆ ಮುಟ್ಟಿತ್ತು. ಬರೀ ನೀರೆತ್ತಿದ್ರೆ ಮಣ್ಣಿಂದ ವಿಷ ಮತ್ತೆ ಇಳೀತಾನೇ ಇರತ್ತೆ. ಅಲ್ಲಿನ ಭೂವಿಜ್ಞಾನ ಇಲಾಖೆಯವರು ಮಣ್ಣು ಪರೀಕ್ಷೆ ಮಾಡಿದ್ರೆ, ಅಲ್ಲೇ ಹುಟ್ಟಿ ಬೆಳೆದ ಬ್ಯಾಕ್ಟೀರಿಯಾಗಳು ಆಗಲೇ ಅದನ್ನ ತಿಂತಾ ಇದ್ವು.

ನಾಗರಾಜ: ಹಾಗಾದ್ರೆ ಬಿಟ್ಟುಬಿಡೋದು, ತಾನಾಗೇ ಹೋಗತ್ತೆ!

ವಿದ್ಯಾ: ಹತ್ತು ವರ್ಷ ತಿಂತಾನೇ ಇದ್ರೂ ವಿಷ ಮನೆ ಬಾಗಿಲಿಗೆ ಬಂತಲ್ಲ. ಇಂಧನ ಬೇಕಾದಷ್ಟಿತ್ತು, ಪೋಷಕಾಂಶ ಸಾಲದು. 1992ರಲ್ಲಿ ನೆಲದೊಳಕ್ಕೆ ಪೋಷಕಾಂಶ ಇಳಿಸಿದ್ರು, ಇನ್ನೊಂದು ಕಡೆಯಿಂದ ಕೆಟ್ಟ ನೀರು ಪಂಪ್ ಮಾಡಿ ತೆಗೆದ್ರು. 1993ರ ಕೊನೆಗೆ ಬಡಾವಣೇಲಿ ಮಾಲಿನ್ಯ ಶೇ. 75ರಷ್ಟು ಇಳೀತು.

ನಾಗರಾಜ: ಉಳಿದ 25? ಅದನ್ನ ಜನ ಕುಡೀಬೇಕಾ?

ವಿದ್ಯಾ: ಕುಡಿಯೋ ಹಾಗಿಲ್ಲ. ಅದು ನೀನು ಹೇಳಿದ್ದು ಸರಿ.

ಸುರೇಶ: ಪುಡಿ ಹಾಕಿದ್ರೆ ನಷ್ಟ ಏನು? ನಾಲ್ಕು ಸಾವಿರ ತಾನೇ.

ವಿದ್ಯಾ: ಎಣ್ಣೆ ಇರೋದು ಸುತ್ತಲ ಮಣ್ಣಲ್ಲಿ ಮಾರಾಯ, ಬಾವಿ ಬರೀ ಕಿಂಡಿ. ಪಕ್ಕದ ಬಂಕಿನ ಟ್ಯಾಂಕ್ ಸೋರ್ತಿದ್ರೆ, ಅದು ನಿಲ್ಲೋ ತನಕ ಯಾವ ಹುಳಾನೂ ಗೆಲ್ಲಲ್ಲ. ನಂಗೆ ಭಯ ಬೇರೇದೇ. ಪುಡಿ ಹಾಕ್ತೀಯ, ವಾಸನೆ ಕಮ್ಮಿ ಆಯ್ತು ಅಂತ ಮಕ್ಕಳಿಗೆ ಕುಡಿಸ್ತೀಯ. ಪೆಟ್ರೋಲಲ್ಲಿರೋ ಬೆಂಜೀನ್ ರಕ್ತದ ಕ್ಯಾನ್ಸರ್ ತರೋ ವಸ್ತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅದರ ಎಷ್ಟೋ ಪಟ್ಟು ಇದ್ರೂ ಮೂಗಿಗೆ ಗೊತ್ತಾಗಲ್ಲ.

ಸುರೇಶ: ಕುದಿಸಿದ್ರೆ?

ವಿದ್ಯಾ: ಆ ಆವಿ ನಿಮ್ಮ ಅಡುಗೆಮನೇಲೇ ತುಂಬ್ಕೊಳ್ಳತ್ತೆ. ಅಮ್ಮ ಒಲೆ ಮುಂದೆ ನಿಂತಿರ್ತಾರೆ.

ನಾಗರಾಜ: ಲೋ ಸುರೇಶ, ಪುಡಿ ಬಿಡು. ಸೋಮವಾರ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡೋಣ, ನಾನೂ ಬರ್ತೀನಿ.

ಸುರೇಶ: ಆಯ್ತು ಕಣೋ. ಈಗಲೇ ಬಾವಿ ಹಗ್ಗ ತೆಗೆದು ಒಳಗಿಟ್ಟೆ. ವಿದ್ಯಾ, ಪರೀಕ್ಷೆಗೆ ನೀರು ಯಾವುದ್ರಲ್ಲಿ ತರ್ಲಿ? ಬಿಸ್ಲೇರಿ ಬಾಟಲಿ ಆಗತ್ತಾ?

ವಿದ್ಯಾ: ಪ್ಲಾಸ್ಟಿಕ್ ಬೇಡ. ಲ್ಯಾಬಿನವರೇ ಗಾಜಿನ ಸೀಸೆ ಕೊಡ್ತಾರೆ, ಕೇಳು. ಬಾಯಿ ತನಕ ತುಂಬಿ ಮುಚ್ಚು, ತಲೆಕೆಳಗು ಮಾಡಿ ನೋಡು, ಒಂದು ಗುಳ್ಳೇನೂ ಇರಬಾರದು. ಜಾಗ ಇದ್ರೆ ಬೆಂಜೀನ್ ಆ ಗಾಳಿಗೆ ಹಾರತ್ತೆ, ಲೆಕ್ಕ ಕಮ್ಮಿ ಬರತ್ತೆ. ಐಸ್ ಡಬ್ಬೀಲಿಟ್ಟು ಅವತ್ತೇ ತಲುಪಿಸು.