ಸಹಾಯ ಬೇಕು: ಹಿನ್ನೀರಿನ ಅಲೆ ತಡೆಯುವ ಹಳೆಯ ಮೋಟಾರ್ ಬೋಟ್ ಯಾವುದು?

ಎಲ್ಲರಿಗೂ ನಮಸ್ಕಾರ. ನಾವು ಗೊರೂರು ಕಡೆಯವರು. ಹೇಮಾವತಿ ಹಿನ್ನೀರಿಗೆ ಸೆಕೆಂಡ್ ಹ್ಯಾಂಡ್ ಮೋಟಾರ್ ಬೋಟ್ ನೋಡುತ್ತಿದ್ದೇವೆ. ಪರವಾನಗಿ, ನೋಂದಣಿ ಕೆಲಸ ಬೇರೆ ನಡೆಯುತ್ತಿದೆ. ಕೇಳಬೇಕಿರುವುದು ಬೋಟ್ ಬಗ್ಗೆ.

ಶೆಟ್ಟಿಹಳ್ಳಿ ಚರ್ಚ್ ಅರ್ಧ ಮುಳುಗುವಷ್ಟು ನೀರು ಬಂದಾಗ ಇಲ್ಲಿ ಗಾಳಿಗೆ ತಡೆಯೇ ಇರುವುದಿಲ್ಲ. ಅಲೆ ದೊಡ್ಡದಲ್ಲ, ಆದರೆ ಗಿಡ್ಡ, ಕಡಿದು. ಒಂದರ ಹಿಂದೊಂದು ಬಡಿಯುತ್ತಲೇ ಇರುತ್ತದೆ.

ಎರಡು ಬೋಟ್ ಸಿಕ್ಕಿವೆ. ಒಂದು 14 ಅಡಿಯ ಅಲ್ಯೂಮಿನಿಯಂ, ತಳ ಚಪ್ಪಟೆ. ನಿಂತಾಗ ಅಲುಗಾಡುವುದಿಲ್ಲ, ಪೆಟ್ರೋಲ್ ಕಡಿಮೆ ಸಾಕು. ಆದರೆ ಅಲೆಯ ಮೇಲೆ ದಬದಬ ಅಪ್ಪಳಿಸುತ್ತದೆ, ಅಂಚೂ ತಗ್ಗು. ಇನ್ನೊಂದು 18 ಅಡಿಯ ಫೈಬರ್, ತಳ ಆಳವಾದ ವಿ ಆಕಾರ, ಹಿಂಬದಿಯಲ್ಲಿ ತಳದ ಇಳಿಜಾರು ಸುಮಾರು 20 ಡಿಗ್ರಿ. ಅಲೆ ಸೀಳಿಕೊಂಡು ಹೋಗುತ್ತದೆ. ಪೆಟ್ರೋಲ್ ಜಾಸ್ತಿ, ನಿಂತಾಗ ಓಲಾಡುತ್ತದೆ. ಜನರನ್ನು ಕೂರಿಸಿಕೊಂಡು ಹೋಗುವಾಗ ಇದೇ ಸರಿ ಅಂತ ನನ್ನ ಮನಸ್ಸು.

ಭಯ ಇರುವುದು ಎಂಜಿನ್ ಕೂರುವ ಹಿಂದಿನ ಹಲಗೆಯ ಬಗ್ಗೆ. ಫೈಬರ್ ಒಳಗಿನ ಪ್ಲೈವುಡ್ ನೀರು ಕುಡಿದು ಕೊಳೆತರೆ ಹೊರಗೆ ಕಾಣುವುದೇ ಇಲ್ಲ. ಸುತ್ತಿಗೆಯಿಂದ ತಟ್ಟಿದಾಗ ಒಂದು ಮೂಲೆಯಲ್ಲಿ ಮಂದ ಸದ್ದು ಬಂತು. ಬೋಲ್ಟ್ ಬಿಚ್ಚಿ ರಂಧ್ರದೊಳಗೆ ನೋಡಿದರೆ ಗೊತ್ತಾಗುತ್ತದಾ? ರಿಪೇರಿ ಮಾಡಿಸಿದರೆ ನಂಬಬಹುದಾ, ಅಥವಾ ಈ ಬೋಟನ್ನೇ ಬಿಡಬೇಕಾ?

ಇದರ 60 ಎಚ್‌ಪಿ ಎಂಜಿನ್‌ನ ಸಿಲಿಂಡರ್‌ಗಳ ಕಂಪ್ರೆಷನ್ (ಒಳಗೆ ಏಳುವ ಒತ್ತಡ) ಪರೀಕ್ಷಿಸಬೇಕು. ಒಂದಕ್ಕೊಂದು 10 ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು ಅಲ್ವಾ? ಮಾರುವವರು ದಡದಲ್ಲೇ ಎಂಜಿನ್ ತಣ್ಣಗಿರಲು ನೀರಿನ ಪೈಪ್ ಹಚ್ಚಿ ಸ್ಟಾರ್ಟ್ ಮಾಡಿ ತೋರಿಸುತ್ತೇವೆ ಅನ್ನುತ್ತಾರೆ. ನೀರಿಗಿಳಿಸಿ, ಭಾರ ಹಾಕಿ ಓಡಿಸದೆ ಹಣ ಕೊಡುವುದಿಲ್ಲ ಅಂದಿದ್ದೇನೆ.

ಮಂಗಳೂರು, ಮಲ್ಪೆ ಕಡೆ ಇಂಥ ಬೋಟ್ ಪರೀಕ್ಷಿಸಿ ಹೇಳುವ ಮೆಕ್ಯಾನಿಕ್ ಗೊತ್ತಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ಬೋಟ್ ಓಡಿಸಿದವರ ಅಭಿಪ್ರಾಯವೂ ಬೇಕು.